ಪ್ರತಿಭೆಯ ಗುರುತು ಮತ್ತು ಪೋಷಣೆ: ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ಸರ್ಕಾರಿ ಶಾಲೆಗಳ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

ಒಂದು ಸಮಾಜ ತನ್ನ ಮಕ್ಕಳಲ್ಲಿ ಯಾರನ್ನು ಜಾಣರೆಂದು ಗುರುತಿಸುತ್ತದೆ ಮತ್ತು ಹಾಗೆ ಗುರುತಿಸಿದ ಬಳಿಕ ಅವರಿಗಾಗಿ ಏನು ಮಾಡುತ್ತದೆ ಎಂಬುದು ಶಿಕ್ಷಣ ಚರಿತ್ರೆಯ ಮುಖ್ಯ ಪ್ರಶ್ನೆಗಳಲ್ಲೊಂದು. ಆದರೆ ನಮ್ಮಲ್ಲಿ ಶಿಕ್ಷಣ ಚರಿತ್ರೆಯ ಬರಹಗಳು ಬಹುಮಟ್ಟಿಗೆ ಶಾಲೆಗಳ ಸಂಖ್ಯೆ, ಸಾಕ್ಷರತೆಯ ಪ್ರಮಾಣ ಮತ್ತು ಸರ್ಕಾರಿ ಆಜ್ಞೆಗಳ ದಾಖಲೆಗೆ ಸೀಮಿತಗೊಂಡಿವೆ. ಹಿಂದುಳಿದ ಮಗುವನ್ನು ಮುಂದೆ ತರುವ ಬಗೆಗೆ ನಡೆದಿರುವಷ್ಟು ಚಿಂತನೆ, ತರಗತಿಯ ವೇಗಕ್ಕಿಂತ ಮುಂದಿರುವ ಮಗುವಿನ ಬಗೆಗೆ ನಡೆದಿಲ್ಲ. ಬಡ ರೈತನ ಅಥವಾ ಕೂಲಿಕಾರನ ಮನೆಯಿಂದ ಸರ್ಕಾರಿ ಶಾಲೆಗೆ ಬರುವ ಅಂತಹ ಮಗುವಿಗೆ ಶಾಲೆಯ ಹೊರಗೆ ಬೇರೆ ಆಸರೆಯಿಲ್ಲ. ಆದ್ದರಿಂದ ಈ ಪ್ರಶ್ನೆ ಕೇವಲ ಬೋಧನಾ ವಿಧಾನದ್ದಲ್ಲ, ಸಾಮಾಜಿಕ ನ್ಯಾಯದ್ದೂ ಹೌದು.

ಈ ಲೇಖನದಲ್ಲಿ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪರಿಸರವನ್ನು ಹಿನ್ನೆಲೆಯಾಗಿಟ್ಟುಕೊಂಡು, ಜನಪದರ ಗುರುತಿಸುವಿಕೆಯ ಕ್ರಮಗಳನ್ನೂ ಮೈಸೂರು ಸಂಸ್ಥಾನದ ಕಾಲದಿಂದ ಇಂದಿನವರೆಗಿನ ಸಾರ್ವಜನಿಕ ಶಿಕ್ಷಣ ವ್ಯವಸ್ಥೆಯ ಕ್ರಮಗಳನ್ನೂ ಜೊತೆಯಾಗಿಟ್ಟು ಪರಿಶೀಲಿಸಲಾಗಿದೆ. ಗುರುತಿಸುವುದು ಒಂದು ಕೆಲಸ, ಪೋಷಿಸುವುದು ಇನ್ನೊಂದು ಕೆಲಸ. ನಮ್ಮ ಶಾಲಾ ವ್ಯವಸ್ಥೆ ಮೊದಲನೆಯದನ್ನು ಪರೀಕ್ಷೆಯ ಮೂಲಕ ಸಾಧಿಸಿಕೊಂಡು, ಎರಡನೆಯದನ್ನು ಹಣದ ನೆರವಿಗೆ ಇಲ್ಲವೇ ಸ್ಥಳಾಂತರಕ್ಕೆ ಒಪ್ಪಿಸಿತು ಎಂಬುದು ಈ ಪರಿಶೀಲನೆಯಿಂದ ಹೊರಡುವ ಮುಖ್ಯ ತೀರ್ಮಾನ.

೧. ಜನಪದರ ಕಣ್ಣಿನಲ್ಲಿ ಜಾಣತನ

ಓದುಬರಹ ಬಲ್ಲದವರಲ್ಲೂ ಕಾವ್ಯದ ಪರಿಣತಿಯಿರುವುದನ್ನು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗ ಗುರುತಿಸಿತ್ತು. ಅಕ್ಷರಕ್ಕೂ ಪ್ರತಿಭೆಗೂ ಅನಿವಾರ್ಯ ನಂಟಿಲ್ಲವೆಂಬ ಈ ಅರಿವು ಗ್ರಾಮೀಣ ಬದುಕಿನಲ್ಲಿ ಸಹಜವಾಗಿ ಉಳಿದುಬಂದಿದೆ. ಮಂಡ್ಯ ಸೀಮೆಯ ಆಡುಮಾತಿನಲ್ಲಿ ‘ಚುರುಕು’, ‘ಚೂಟಿ’, ‘ಬುದ್ದುವಂತ’, ‘ಗ್ಯಾನವಂತ’ ಎಂಬ ಪದಗಳು ಒಂದೇ ಅರ್ಥದವಲ್ಲ. ಕೈಕೆಲಸವನ್ನು ಬೇಗ ಹಿಡಿಯುವ ಮಗು ಚುರುಕು. ಕೇಳಿದ್ದನ್ನು ಬಹುಕಾಲ ನೆನಪಿಟ್ಟು ಸಂದರ್ಭವರಿತು ಆಡುವವನು ಗ್ಯಾನವಂತ. ಹೀಗೆ ಜಾಣತನವನ್ನು ಹಲವು ಬಗೆಯದೆಂದು ಕಾಣುವ ದೃಷ್ಟಿ ಭಾಷೆಯಲ್ಲೇ ಅಡಗಿದೆ.

ಈ ಬಗೆಗಳನ್ನು ಒರೆಗೆ ಹಚ್ಚುವ ಸಂದರ್ಭಗಳೂ ಹಲವು. ಒಗಟು ಬಿಡಿಸುವುದರಲ್ಲಿ ಹೋಲಿಕೆಯನ್ನು ಗ್ರಹಿಸುವ ಶಕ್ತಿ ಪ್ರಕಟವಾಗುತ್ತದೆ. ಅಳಿಗುಳಿಮಣೆ ಮತ್ತು ಆಡುಹುಲಿ ಆಟಗಳಲ್ಲಿ ಮುಂದಿನ ನಡೆಗಳನ್ನು ಮನಸ್ಸಿನಲ್ಲೇ ಎಣಿಸಬೇಕಾಗುತ್ತದೆ. ಮದುವೆಯ ಚಪ್ಪರದಲ್ಲಿ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಸವಾಲು ಜವಾಬಿನ ಪದಗಳಲ್ಲಿ ತೊಡಗಿದಾಗ, ಅಕ್ಷರ ಕಲಿಯದ ಹೆಣ್ಣುಮಕ್ಕಳ ಆಶುಪ್ರತಿಭೆಗೆ ಸಭೆಯ ಮನ್ನಣೆ ದೊರೆಯುತ್ತದೆ. ಪಾವು, ಸೇರು, ಕೊಳಗ, ಖಂಡುಗಗಳ ಲೆಕ್ಕ ಕಣದಲ್ಲಿಯೂ, ಅಚ್ಚುಬೆಲ್ಲದ ಲೆಕ್ಕ ಆಲೆಮನೆಯಲ್ಲಿಯೂ ಬಾಯಲ್ಲೇ ನಡೆಯುತ್ತಿತ್ತು. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಹಂಚುತ್ತಿದ್ದ ನೀರುಗಂಟಿಗೆ ಕಾಲ, ಅಳತೆ ಮತ್ತು ನ್ಯಾಯ ಮೂರರ ತಿಳಿವಳಿಕೆಯೂ ಬೇಕಿತ್ತು.

ಪ್ರತಿಭೆಯನ್ನು ಗುರುತಿಸಿ ಬೆಳೆಸುವ ಕ್ರಮದ ಬಗೆಗೆ ಈ ಪ್ರದೇಶದ್ದೇ ಆದ ಒಂದು ದೊಡ್ಡ ಕಥನ ಮಂಟೇಸ್ವಾಮಿ ಕಾವ್ಯದಲ್ಲಿದೆ. ತಂಬೂರಿ ಹಿಡಿದ ನೀಲಗಾರರು ಹಾಡುವ ಈ ಕಾವ್ಯದ ಘಟನೆಗಳು ನಡೆಯುವ ಹಲವು ನೆಲೆಗಳು ಇಂದಿನ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿವೆ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಆಚಾರಿ ಮನೆತನದ ಬಾಲಕ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನ್ನ ಶಿಶುಮಗನನ್ನಾಗಿ ಬಯಸುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಬಹಳ ಸಂಕಟದ ನಂತರವೇ ಮಗ ಗುರುವಿನ ಪಾಲಾಗುತ್ತಾನೆ. ದೀರ್ಘಕಾಲದ ಕಠಿಣ ಸಾಧನೆಯ ಬಳಿಕ ಸಿದ್ದಪ್ಪಾಜಿಯೆನಿಸಿ, ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಎದುರಾಗುವ ಪರೀಕ್ಷೆಗಳೇ ಕಾವ್ಯದ ಅತ್ಯಂತ ಜನಪ್ರಿಯ ಭಾಗ. ಹಾಡುಗಾರರ ಪಾಠಗಳಲ್ಲಿ ವಿವರಗಳು ಬದಲಾದರೂ ಈ ಚೌಕಟ್ಟು ಸಾಮಾನ್ಯವಾಗಿ ಉಳಿಯುತ್ತದೆ.

ಈ ಕಥನದಲ್ಲಿ ಎರಡು ಸಂಗತಿಗಳು ಪ್ರಸ್ತುತ ಚರ್ಚೆಗೆ ಮುಖ್ಯವಾಗುತ್ತವೆ. ಮೊದಲನೆಯದು, ಇಲ್ಲಿ ಆಯ್ಕೆ ಮೊದಲು, ಶಿಕ್ಷಣ ಆಮೇಲೆ, ಪರೀಕ್ಷೆ ಕೊನೆಗೆ. ಗುರುವು ಕಂಡ ಸಾಧ್ಯತೆಯನ್ನು ವರ್ಷಗಟ್ಟಲೆ ಬೆಳೆಸಿದ ನಂತರವೇ ಲೋಕದ ಮುಂದೆ ಒರೆಗೆ ಹಚ್ಚಲಾಗುತ್ತದೆ. ಎರಡನೆಯದು, ಆಯ್ಕೆಯಾದ ಮಗುವನ್ನು ಮನೆಯಿಂದ ಅಗಲಿಸುವುದರ ನೋವನ್ನು ಕಾವ್ಯ ಮರೆಮಾಚುವುದಿಲ್ಲ. ನೀಲಗಾರರ ಕಲಿಕೆಯೂ ಇದೇ ಬಗೆಯದು. ದೀಕ್ಷೆ ಪಡೆದವನು ಮೊದಲು ಹಿಮ್ಮೇಳದಲ್ಲಿ ದನಿಗೂಡಿಸುತ್ತ, ವರ್ಷಗಳು ಉರುಳಿದ ಮೇಲೆ ಕಥೆಯನ್ನು ನಡೆಸುವ ಮುಖ್ಯ ಹಾಡುಗಾರನಾಗುತ್ತಾನೆ. ಅವನ ಯೋಗ್ಯತೆಯನ್ನು ನಿರ್ಧರಿಸುವುದು ಒಂದು ದಿನದ ಪರೀಕ್ಷೆಯಲ್ಲ, ಹಲವು ರಾತ್ರಿಗಳ ಕೇಳುಗರು.

ಹೀಗೆಂದು ಜನಪದ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡಬೇಕಾಗಿಲ್ಲ. ಕಸುಬುಗಳು ಜಾತಿಯೊಂದಿಗೆ ಬೆಸೆದುಕೊಂಡಿದ್ದವು. ಒಬ್ಬ ಕುಂಬಾರನ ಮಗನಿಗೆ ಲೆಕ್ಕದಲ್ಲಿ ಗತಿಯಿದ್ದರೆ ಆ ಗತಿಗೆ ಊರಿನಲ್ಲಿ ಬೇರೆ ಹಾದಿ ಇರಲಿಲ್ಲ. ಮದುವೆಯ ಚಪ್ಪರದಲ್ಲಿ ಮೆಚ್ಚುಗೆ ಪಡೆದ ಹೆಣ್ಣುಮಗಳ ಪ್ರತಿಭೆ ಚಪ್ಪರದೊಂದಿಗೇ ಮುಗಿಯುತ್ತಿತ್ತು. ಸಾರ್ವಜನಿಕ ಶಾಲೆಯ ಚಾರಿತ್ರಿಕ ಮಹತ್ವವಿರುವುದು ಈ ಗೋಡೆಯನ್ನು ಒಡೆದುದರಲ್ಲಿ.

೨. ಕೂಲಿಮಠದಿಂದ ಸರ್ಕಾರಿ ಶಾಲೆಗೆ

ಸರ್ಕಾರಿ ಶಾಲೆಗಳು ಬರುವ ಮುನ್ನ ಹಳ್ಳಿಗಳಲ್ಲಿ ಇದ್ದುದು ಕೂಲಿಮಠಗಳು. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಕಾವ್ಯಭಾಗಗಳನ್ನು ಕಂಠಪಾಠ ಮಾಡುವುದು ಅಲ್ಲಿನ ಕ್ರಮ. ಒಬ್ಬನೇ ಅಯ್ಯನವರು ಬೇರೆ ಬೇರೆ ಹಂತದ ಮಕ್ಕಳಿಗೆ ಕಲಿಸಬೇಕಾಗಿದ್ದುದರಿಂದ ಮುಂದೆ ಹೋದ ಹುಡುಗನೇ ಹಿಂದಿನವರಿಗೆ ಪಾಠ ಹೇಳುತ್ತಿದ್ದ. ಇದರಿಂದ ಚುರುಕಾದ ಹುಡುಗ ಕಾಯುತ್ತ ಕೂರಬೇಕಾಗಿರಲಿಲ್ಲ. ಆದರೆ ಕೂಲಿ ಕೊಡಲಾರದವರಿಗೂ ಕೆಳಜಾತಿಗಳೆನಿಸಿಕೊಂಡವರಿಗೂ ಬಹುಮಟ್ಟಿಗೆ ಹೆಣ್ಣುಮಕ್ಕಳಿಗೂ ಆ ಮಠದ ಬಾಗಿಲು ಮುಚ್ಚಿತ್ತು.

೧೮೬೮ರಲ್ಲಿ ಬಿ.ಎಲ್. ರೈಸ್ ಅವರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಮೈಸೂರು ಸೀಮೆಯಲ್ಲಿ ಸರ್ಕಾರಿ ಪ್ರಾಥಮಿಕ ಶಿಕ್ಷಣವನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, ೧೯೧೩ರ ಪ್ರಾಥಮಿಕ ಶಿಕ್ಷಣ ಶಾಸನವು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಪ್ರಾಥಮಿಕ ಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವೆ ಲೋಯರ್ ಸೆಕೆಂಡರಿ ಪರೀಕ್ಷೆ ಒಂದು ಹೊಸ್ತಿಲಾಗಿ ನಿಂತಿತು. ಹಳ್ಳಿಗಳಲ್ಲಿ ‘ಎಲ್.ಎಸ್. ಪಾಸು’ ಎಂಬುದು ಹೆಸರಿನ ಜೊತೆಗೇ ಹೇಳುವ ಗೌರವವಾಯಿತು. ಊರಿನ ಹಲವು ಬಗೆಯ ಜಾಣತನಗಳ ಸ್ಥಾನದಲ್ಲಿ ಒಂದೇ ಬಗೆಯ ಲಿಖಿತ ಜಾಣತನ ನೆಲೆಗೊಂಡದ್ದು ಈ ಘಟ್ಟದಲ್ಲಿ.

ಆದರೆ ಅರ್ಹತೆಯೊಂದೇ ಸಾಲದು, ಅರ್ಹತೆಯನ್ನು ತೋರುವ ಅವಕಾಶವೂ ಬೇಕೆಂಬ ವಿವೇಕವನ್ನು ಸಂಸ್ಥಾನ ಬೇಗನೆ ಕಂಡುಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ೧೯೧೮ರಲ್ಲಿ ನೇಮಿಸಿದ ಸರ್ ಲೆಸ್ಲಿ ಮಿಲ್ಲರ್ ಸಮಿತಿ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಸೇವೆಯಲ್ಲಿ ಪಾಲನ್ನು ಸೂಚಿಸಿದ್ದರ ಜೊತೆಗೆ ಶಿಕ್ಷಣದ ಅನುಕೂಲಗಳನ್ನೂ ವಿದ್ಯಾರ್ಥಿವೇತನಗಳನ್ನೂ ಹೆಚ್ಚಿಸಬೇಕೆಂದಿತು. ಮಂಡ್ಯ ಸೀಮೆಯ ಒಕ್ಕಲು ಮಕ್ಕಳ ಪಾಲಿಗೆ ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳು ಪರೀಕ್ಷೆಯಷ್ಟೇ ಮುಖ್ಯವಾದವು.

ಕೃಷ್ಣರಾಜಸಾಗರ ಮತ್ತು ಇರ್ವಿನ್ ನಾಲೆ, ೧೯೩೩ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ೧೯೩೯ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಹೊಸ ಜಿಲ್ಲೆ, ಇವು ಈ ಪ್ರದೇಶದ ಆರ್ಥಿಕ ಸ್ವರೂಪವನ್ನು ಬದಲಿಸಿದವು. ಕಬ್ಬಿನ ಹಣ ಓದಿನ ಆಸೆಯನ್ನೂ ತಂದಿತು. ೧೯೩೮ರ ಶಿವಪುರ ಧ್ವಜ ಸತ್ಯಾಗ್ರಹದ ಮುಂದಾಳುಗಳಲ್ಲಿ ಒಬ್ಬರಾದ ಮದ್ದೂರಿನ ಎಚ್.ಕೆ. ವೀರಣ್ಣಗೌಡ, ಮುಂದೆ ರಾಜ್ಯದ ಶಿಕ್ಷಣ ಸಚಿವರೂ ಆದ ಮಂಡ್ಯದ ಕೆ.ವಿ. ಶಂಕರಗೌಡ, ಭಾರತೀನಗರದ ಜಿ. ಮಾದೇಗೌಡ ಮೊದಲಾದವರು ಶಿಕ್ಷಣ ಸಂಸ್ಥೆಗಳ ಬೆಳವಣಿಗೆಗೆ ಶ್ರಮಿಸಿದರು. ೧೯೬೨ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಆರಂಭವಾದುದು, ಮೈಸೂರು ಬೆಂಗಳೂರುಗಳಿಗೆ ಹೋಗಲಾರದ ಮಕ್ಕಳಿಗೆ ವೃತ್ತಿಶಿಕ್ಷಣವನ್ನು ಮನೆಯ ಹತ್ತಿರಕ್ಕೆ ತಂದ ಘಟನೆ. ಈ ತಲೆಮಾರಿನವರು ಪ್ರತಿಭೆಯನ್ನು ಸೋಸುವ ಜರಡಿಯನ್ನು ರೂಪಿಸುವುದಕ್ಕಿಂತ ಬಾಗಿಲುಗಳನ್ನು ಹೆಚ್ಚಿಸುವುದಕ್ಕೆ ಒತ್ತು ನೀಡಿದರೆಂಬುದು ಗಮನಾರ್ಹ.

೩. ಅಳತೆಗೋಲಿನ ಆಗಮನ

ಬುದ್ಧಿಶಕ್ತಿಯನ್ನು ಅಳೆಯುವ ಮೊದಲ ವ್ಯವಸ್ಥಿತ ಪರೀಕ್ಷೆಯನ್ನು ೧೯೦೫ರಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ರಚಿಸಿದರು. ತರಗತಿಯಲ್ಲಿ ಹಿಂದುಳಿದು ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಮೂಲ ಉದ್ದೇಶ. ಅಮೆರಿಕದ ಲೂಯಿಸ್ ಟರ್ಮನ್ ಅದನ್ನೇ ಪರಿಷ್ಕರಿಸಿ, ೧೯೨೧ರಿಂದ ಅಸಾಧಾರಣ ಪ್ರತಿಭೆಯ ಮಕ್ಕಳನ್ನು ಆರಿಸುವುದಕ್ಕೆ ಬಳಸಿದ. ಅವನ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಉಳಿದ ಮಕ್ಕಳಲ್ಲಿ ವಿಲಿಯಂ ಶಾಕ್ಲೆ ಮತ್ತು ಲೂಯಿ ಆಲ್ವರೆಜ್ ಇದ್ದರು. ಮುಂದೆ ಇಬ್ಬರೂ ಕ್ರಮವಾಗಿ ೧೯೫೬ ಮತ್ತು ೧೯೬೮ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದರು. ಒಂದೇ ಅಳತೆಗೋಲಿನ ಮಿತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಕನ್ನಡಕ್ಕೆ ಈ ಪರೀಕ್ಷೆಯನ್ನು ತಂದ ಶ್ರೇಯಸ್ಸು ಧಾರವಾಡದಲ್ಲಿ ಕೆಲಸ ಮಾಡಿದ ಡಾ. ವಿ.ವಿ. ಕಾಮತ್ ಅವರದು. ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, ಭಾರತೀಯ ಮಕ್ಕಳ ಬುದ್ಧಿಮಾಪನದ ಕುರಿತ ತಮ್ಮ ಗ್ರಂಥವನ್ನು ಅವರು ೧೯೪೦ರಲ್ಲಿ ಪ್ರಕಟಿಸಿದರು. ಮಗುವಿನ ಭಾಷೆ ಮತ್ತು ಪರಿಸರವನ್ನು ಬಿಟ್ಟು ಅದರ ಬುದ್ಧಿಯನ್ನು ಅಳೆಯಲಾಗದೆಂಬ ತಿಳಿವು ಈ ಪರಿಷ್ಕರಣದ ಹಿಂದಿದೆ. ಆದರೆ ‘ಬಿನೆ–ಕಾಮತ್ ಪರೀಕ್ಷೆ’ಯ ಹೆಚ್ಚಿನ ಬಳಕೆ ಚಿಕಿತ್ಸಾಲಯಗಳಲ್ಲಿ ಆಯಿತೇ ಹೊರತು ಹಳ್ಳಿಯ ಶಾಲೆಗಳಲ್ಲಿ ಅಲ್ಲ.

ಸ್ವಾತಂತ್ರ್ಯಾನಂತರ ಪ್ರತಿಭಾನ್ವೇಷಣೆಯ ಹೊಣೆಯನ್ನು ಕೇಂದ್ರ ಸರ್ಕಾರ ವಹಿಸಿಕೊಂಡಿತು. ೧೯೬೩ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ನಡೆದ ವಿಜ್ಞಾನ ಪ್ರತಿಭಾನ್ವೇಷಣೆ ಮರುವರ್ಷ ದೇಶಕ್ಕೆ ವಿಸ್ತರಿಸಿತು. ಆರಂಭದಲ್ಲಿ ಅದರ ಮಾಧ್ಯಮ ಇಂಗ್ಲಿಷ್ ಮಾತ್ರ. ಮಳವಳ್ಳಿಯ ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಹುಡುಗನೊಬ್ಬನ ವಿಜ್ಞಾನದ ಅರಿವು ಎಷ್ಟೇ ಆಳವಾಗಿದ್ದರೂ ಭಾಷೆಯ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ೧೯೭೬ರಲ್ಲಿ ಯೋಜನೆ ಪರಿಷ್ಕೃತವಾಗಿ ಇತರ ವಿಷಯಗಳಿಗೆ ವಿಸ್ತರಿಸಿದಾಗ ಭಾರತೀಯ ಭಾಷೆಗಳಲ್ಲಿ ಉತ್ತರಿಸುವ ಅವಕಾಶ ದೊರೆಯಿತು. ಈ ರಾಷ್ಟ್ರೀಯ ಪ್ರತಿಭಾನ್ವೇಷಣಾ ಪರೀಕ್ಷೆ ೨೦೨೧ರಲ್ಲಿ ಸ್ಥಗಿತಗೊಂಡಿತು. ಇದರ ನಡುವೆ ೧೯೭೧-೭೨ರಲ್ಲಿ ಗ್ರಾಮೀಣ ಪ್ರತಿಭಾವಂತ ಮಕ್ಕಳಿಗಾಗಿ ಪ್ರತ್ಯೇಕ ವಿದ್ಯಾರ್ಥಿವೇತನ ಯೋಜನೆ ಬಂದುದು, ನಗರದ ಮಗುವಿನೊಡನೆ ಹಳ್ಳಿಯ ಮಗುವನ್ನು ಒಂದೇ ಗೆರೆಯಲ್ಲಿ ನಿಲ್ಲಿಸಬಾರದೆಂಬ ವಿವೇಕದ ಫಲ.

೪. ಊರಿನಿಂದ ಕರೆದೊಯ್ಯುವ ಶಾಲೆ, ಊರಿನಲ್ಲೇ ಉಳಿಸುವ ವೇತನ

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿ ಈ ವಿವೇಕಕ್ಕೆ ಶಾಲೆಯ ರೂಪ ಕೊಟ್ಟಿತು. ಜಿಲ್ಲೆಗೊಂದರಂತೆ ಆರಂಭವಾದ ನವೋದಯ ವಿದ್ಯಾಲಯಗಳಲ್ಲಿ ಶೇಕಡ ೭೫ ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಐದನೆಯ ತರಗತಿಯ ಮಕ್ಕಳು ಮಾನಸಿಕ ಸಾಮರ್ಥ್ಯ, ಅಂಕಗಣಿತ ಮತ್ತು ಭಾಷೆಗಳಲ್ಲಿ ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಿಗೆ ಸೇರಿ ಇರುವುದು ಒಂದು ನವೋದಯ. ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಆರನೆಯ ತರಗತಿಗೆ ಸೇರುವವರು ಹೆಚ್ಚೆಂದರೆ ೮೦ ಮಕ್ಕಳು. ರಾಜ್ಯ ಸರ್ಕಾರ ೧೯೯೬-೯೭ರಿಂದ ಆರಂಭಿಸಿದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಇದೇ ಮಾದರಿಯನ್ನು ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಡ ಮಕ್ಕಳಿಗೆ ಹೆಚ್ಚು ವ್ಯಾಪಕವಾಗಿ ತಲುಪಿಸಿದವು.

ಈ ಶಾಲೆಗಳ ಸಾಧನೆ ದೊಡ್ಡದು. ಅಕ್ಷರವಿಲ್ಲದ ಮನೆಗಳ ಮಕ್ಕಳನ್ನು ಅವು ವೈದ್ಯರನ್ನಾಗಿ, ಇಂಜಿನಿಯರುಗಳನ್ನಾಗಿ, ಅಧಿಕಾರಿಗಳನ್ನಾಗಿ ಮಾಡಿವೆ. ಆದರೆ ಹತ್ತು ವರ್ಷದ ಮಗುವಿನ ಭವಿಷ್ಯ ಒಂದು ದಿನದ ಎರಡು ಗಂಟೆಗಳ ಪರೀಕ್ಷೆಯಲ್ಲಿ ನಿರ್ಧಾರವಾಗುವುದರಿಂದ ತರಬೇತಿ ಕೇಂದ್ರಗಳು ಹುಟ್ಟಿಕೊಂಡಿವೆ. ಶುಲ್ಕ ತೆರಬಲ್ಲ ಮನೆಯ ಮಗು ಅಲ್ಲಿ ಮುಂದಾಗುತ್ತದೆ. ಇನ್ನೊಂದು ಪರಿಣಾಮ ಊರಿನ ಶಾಲೆಯ ಮೇಲಾಗುತ್ತದೆ. ಐದನೆಯ ತರಗತಿ ಮುಗಿಯುತ್ತಲೇ ಚುರುಕಾದ ಮಕ್ಕಳು ಹೊರಟುಹೋದರೆ, ಉಳಿದವರಿಗೆ ಜೊತೆಗಾರರಿಂದ ಕಲಿಯುವ ಅವಕಾಶ ಕುಂದುತ್ತದೆ. ಕೂಲಿಮಠದಲ್ಲಿ ಮುಂದಿನವನು ಹಿಂದಿನವರಿಗೆ ಹೇಳಿಕೊಡುತ್ತಿದ್ದ ಕೊಂಡಿ ಇಲ್ಲಿ ಕಳಚುತ್ತದೆ. ಆಯ್ಕೆಯಾದ ಮಗುವಿನ ಅಗಲಿಕೆಯ ನೋವನ್ನು ನಿಡಘಟ್ಟದ ಕಥೆ ಹೇಳಿದಷ್ಟು ಸ್ಪಷ್ಟವಾಗಿ ಶಿಕ್ಷಣ ಇಲಾಖೆಗಳ ವರದಿಗಳು ಹೇಳುವುದಿಲ್ಲ.

೨೦೦೮ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆದಾಯ ಮತ್ತು ಪ್ರತಿಭೆ ಆಧಾರಿತ ವಿದ್ಯಾರ್ಥಿವೇತನ, ಅಂದರೆ ಎನ್.ಎಂ.ಎಂ.ಎಸ್., ಬೇರೆ ದಾರಿ ಹಿಡಿಯಿತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಮಾನಸಿಕ ಸಾಮರ್ಥ್ಯದ ೯೦ ಮತ್ತು ವ್ಯಾಸಂಗ ಪ್ರವೃತ್ತಿಯ ೯೦ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ವೇತನಗಳಿದ್ದು ಕರ್ನಾಟಕದ ಪಾಲು ೫,೫೩೪. ಆರಂಭದಲ್ಲಿ ವರ್ಷಕ್ಕೆ ೬,೦೦೦ ರೂಪಾಯಿಯಿದ್ದ ಮೊತ್ತ ೨೦೧೭ರಿಂದ ೧೨,೦೦೦ ರೂಪಾಯಿಯಾಯಿತು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಇದು ದೊರೆಯುತ್ತದೆ. ನವೋದಯದ ಮತ್ತು ಸರ್ಕಾರಿ ವಸತಿ ಶಾಲೆಗಳ ಮಕ್ಕಳು ಇದಕ್ಕೆ ಅರ್ಹರಲ್ಲ. ಅಂದರೆ ಊರಿನಲ್ಲೇ ಉಳಿದ, ಎಂಟನೆಯ ತರಗತಿಯ ಬಳಿಕ ಕೂಲಿಗೋ ಮನೆಗೆಲಸಕ್ಕೋ ಜಾರಿಬಿಡಬಹುದಾದ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದೇ ಇದರ ಗುರಿ. ಹೆಣ್ಣುಮಕ್ಕಳ ಪಾಲಿಗೆ ಈ ನೆರವಿನ ಬೆಲೆ ಇನ್ನೂ ಹೆಚ್ಚು.

ಆದರೂ ಇಲ್ಲಿ ದೊರೆಯುವುದು ಹಣವೇ ಹೊರತು ಪಾಠವಲ್ಲ. ಪರೀಕ್ಷೆಯಲ್ಲಿ ಆಯ್ಕೆಯಾದ ಬಾಲಕಿ ಮರುದಿನ ಅದೇ ತರಗತಿಯಲ್ಲಿ, ತನಗೆ ಈಗಾಗಲೇ ಬರುವ ಲೆಕ್ಕವನ್ನು ಮತ್ತೊಮ್ಮೆ ಬರೆಯುತ್ತ ಕೂರುತ್ತಾಳೆ. ಅವಳ ಸಾಮರ್ಥ್ಯ ಖಾತೆಯಲ್ಲಿ ದಾಖಲಾಗುತ್ತದೆ, ಬೋಧನೆಯಲ್ಲಿ ದಾಖಲಾಗುವುದಿಲ್ಲ.

೫. ತರಗತಿಯೊಳಗಿನ ಸಾಧ್ಯತೆಗಳು

ತರಗತಿಯೊಳಗೇ ಪರಿಹಾರ ಹುಡುಕಿದ ಎರಡು ಪ್ರಯತ್ನಗಳು ಕರ್ನಾಟಕದಲ್ಲಿಯೇ ನಡೆದಿವೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆ ವಿಸ್ತರಿಸಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮಗು ಕಲಿಕೆಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಏರುತ್ತದೆ. ನಿಧಾನ ಕಲಿಯುವವನಿಗೆ ಅವಮಾನವಿಲ್ಲ, ಬೇಗ ಕಲಿಯುವವನಿಗೆ ಕಾಯುವ ಶಿಕ್ಷೆಯಿಲ್ಲ. ಆದರೆ ಈ ಪದ್ಧತಿ ಮೂರನೆಯ ತರಗತಿಗೆ ನಿಂತುಬಿಡುತ್ತದೆ. ನಾಲ್ಕನೆಯ ತರಗತಿಯಿಂದ ಎಲ್ಲರಿಗೂ ಒಂದೇ ಪುಟ, ಒಂದೇ ದಿನ.

೨೦೦೨-೦೩ರಲ್ಲಿ ಶಿಕ್ಷಣ ಇಲಾಖೆ ಆರಂಭಿಸಿದ ‘ಪ್ರತಿಭಾ ಕಾರಂಜಿ’ ಎರಡನೆಯ ಪ್ರಯತ್ನ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಹಂತಗಳಲ್ಲಿ ನಡೆಯುವ ಈ ಸ್ಪರ್ಧೆಗಳಲ್ಲಿ ಕಂಠಪಾಠ, ಜನಪದ ಗೀತೆ, ಕಥೆ ಹೇಳುವುದು, ಮಣ್ಣಿನ ಮಾದರಿ, ಆಶುಭಾಷಣ, ರಸಪ್ರಶ್ನೆಗಳಿಗೆ ಸ್ಥಾನವಿದೆ. ಜನಪದರು ಗುರುತಿಸುತ್ತಿದ್ದ ಹಲವು ಬಗೆಯ ಜಾಣತನಗಳು ಶಾಲೆಯ ಅಂಗಳಕ್ಕೆ ಮರಳಿದ ಅಪರೂಪದ ಸಂದರ್ಭವಿದು. ಆದರೆ ಇದು ವರ್ಷಕ್ಕೊಮ್ಮೆ ನಡೆಯುವ ಹಬ್ಬದಂತೆ ಮುಗಿದು, ಬಹುಮಾನದ ಪತ್ರದಾಚೆಗೆ ಮಗುವಿನ ಕಲಿಕೆಯ ಯೋಜನೆಗೆ ಕೂಡಿಕೊಳ್ಳುವುದಿಲ್ಲ.

ಸ್ಥಳೀಯ ಕೊರತೆಯೊಂದನ್ನೂ ಇಲ್ಲಿ ಗಮನಿಸಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮಳವಳ್ಳಿ, ಮದ್ದೂರಿನ ರೈತರಿಗೆ ನೀರು ತಲುಪುವುದು ತಡವಾಗಿ, ಕೆಲವೊಮ್ಮೆ ತಲುಪುವುದೇ ಇಲ್ಲ. ಪ್ರತಿಭಾ ಪೋಷಣೆಯ ಯೋಜನೆಗಳ ಹರಿವೂ ಹೀಗೆಯೇ. ಪರೀಕ್ಷೆಯ ಸುದ್ದಿ, ಅರ್ಜಿ ತುಂಬುವ ನೆರವು, ಹಳೆಯ ಪ್ರಶ್ನೆಪತ್ರಿಕೆಗಳು ಜಿಲ್ಲಾ ಕೇಂದ್ರದ ಶಾಲೆಗೆ ಮೊದಲು ಸಿಗುತ್ತವೆ. ಒಬ್ಬರೋ ಇಬ್ಬರೋ ಶಿಕ್ಷಕರು ಹಲವು ತರಗತಿಗಳನ್ನು ನಡೆಸುವ ಕೊನೆಯ ಹಳ್ಳಿಯ ಶಾಲೆಯಲ್ಲಿ ಮಗುವಿನ ಅದೃಷ್ಟವು ಅಲ್ಲಿನ ಶಿಕ್ಷಕರ ಆಸ್ಥೆಯೊಂದನ್ನೇ ಅವಲಂಬಿಸಿರುತ್ತದೆ.

೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಮಗುವಿನ ಜ್ಞಾನ, ಅಂತಃಸಾಮರ್ಥ್ಯ ಮತ್ತು ಪ್ರತಿಭೆಯ ವರ್ಧನೆಯನ್ನು ಪಠ್ಯಕ್ರಮದ ಕರ್ತವ್ಯಗಳಲ್ಲಿ ಒಂದೆಂದು ಹೇಳಿದೆ. ಈ ಮಾತು ಆಯ್ದ ಶಾಲೆಗಳಿಗೆ ಮಾತ್ರ ಹೇಳಿದ್ದಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳನ್ನು ಶಿಕ್ಷಕರು ಗುರುತಿಸಿ ಪೂರಕ ಸಾಮಗ್ರಿ ಒದಗಿಸಬೇಕೆಂದೂ ವಿಷಯವಾರು ಕೂಟಗಳನ್ನು ಬೆಳೆಸಬೇಕೆಂದೂ ಸೂಚಿಸಿತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ೨೦೧೦ರ ದಶಕದಲ್ಲಿ, ಭಾರತೀಯ ಸಂದರ್ಭಕ್ಕೆ ತಕ್ಕಂತೆ ಇಂತಹ ಮಕ್ಕಳನ್ನು ಗುರುತಿಸುವ ಕ್ರಮಗಳನ್ನು ರೂಪಿಸುವ ಕೆಲಸ ಮಾಡಿದೆ. ಕಾನೂನೂ ತಿಳಿವಳಿಕೆಯೂ ಇರುವಾಗ ಕೊರತೆಯಿರುವುದು ಅವೆರಡನ್ನು 
ತರಗತಿಗೆ ತಲುಪಿಸುವುದರಲ್ಲಿ.

ಈ ಅವಲೋಕನದ ಹಿನ್ನೆಲೆಯಲ್ಲಿ ಕೆಲವು ಸೂಚನೆಗಳನ್ನು ಮುಂದಿಡಬಹುದು. ಪ್ರತಿಭಾ ಕಾರಂಜಿಯಲ್ಲಿ ಮತ್ತು ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಕಂಡ ಸಾಮರ್ಥ್ಯವನ್ನು ಮಗುವಿನ ಶಾಲಾ ದಾಖಲೆಯಲ್ಲಿ ಬರೆದು ಮುಂದಿನ ಶಿಕ್ಷಕರಿಗೆ ದಾಟಿಸಬೇಕು. ಕ್ಲಸ್ಟರ್ ಹಂತದಲ್ಲಿ ತಿಂಗಳಿಗೊಮ್ಮೆಯಾದರೂ ಇಂತಹ ಮಕ್ಕಳನ್ನು ಒಟ್ಟುಗೂಡಿಸಿ ಪಠ್ಯದಾಚೆಯ ಕೆಲಸ ಕೊಡಬೇಕು. ನಲಿ-ಕಲಿಯ ‘ತನ್ನ ವೇಗದ ಕಲಿಕೆ’ ಎಂಬ ತತ್ತ್ವವನ್ನು ಗಣಿತ ಮತ್ತು ಓದಿನ ಮಟ್ಟಿಗೆ ಮೇಲಿನ ತರಗತಿಗಳಿಗೂ ಒಯ್ಯಬೇಕು. ಊರಿನ ಹಾಡುಗಾರರು, ಕುಶಲಕರ್ಮಿಗಳು ಮತ್ತು ಬಾಯಿಲೆಕ್ಕ ಬಲ್ಲ ಹಿರಿಯರು ಶಾಲೆಗೆ ಬಂದು ಮಕ್ಕಳನ್ನು ನೋಡುವ ಅವಕಾಶವಿರಬೇಕು. ಪ್ರಶ್ನೆಪತ್ರಿಕೆ ಕಾಣದ ಶಕ್ತಿಯನ್ನು ಅವರ ಕಣ್ಣು ಕಾಣಬಲ್ಲದು. ಇವು ಯಾವುವೂ ಹೆಚ್ಚಿನ ವೆಚ್ಚದ ಕೆಲಸಗಳಲ್ಲ. ಹಲಗೂರಿನ ಪರೀಕ್ಷೆಗೆ ಮೊದಲು ಸಿದ್ದಪ್ಪಾಜಿಗೆ ವರ್ಷಗಳ ಸಾಧನೆಯಿತ್ತು. ಇಂದಿನ ಮಗುವಿಗೆ ಪರೀಕ್ಷೆ ಮೊದಲು ಬಂದಿದೆ. ಅದರ ನಂತರವಾದರೂ ಕಲಿಸುವವರು ಬರಬೇಕಾಗಿದೆ.